ಹನ್ನೊಂದರಿಂದ ಇಪ್ಪತ್ತರವರೆಗೆ

೧.

ಇದನ್ನು ಹೇಗೆ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ, ಯಾಕೆಂದರೆ ಇದು ಶುರುವಾದದ್ದು ಒಂದು ನಮೂನೆಯಾಗಿ. ಮೇಲಿನಿಂದ ಬಂದ ನಮೂನೆ. ಅದರಲ್ಲಿ ಇರುವುದು ಒಂದೇ ಪ್ರಶ್ನೆ: "ಚುರುಕು ತರಗತಿ ಯೋಜನೆಯು ಬೇರೆ ಬೇರೆ ಸಾಮರ್ಥ್ಯದ ಎಲ್ಲ ವಿದ್ಯಾರ್ಥಿಗಳಿಗೂ ಸೂಕ್ತವೇ? ಹೌದು / ಇಲ್ಲ. ಅನ್ವಯಿಸದ್ದನ್ನು ಹೊಡೆದುಹಾಕಿ. ಕಾರಣ ಬರೆಯಿರಿ." ಕಾರಣಕ್ಕೆಂದು ಹತ್ತು ಗೆರೆ ಬಿಟ್ಟಿದ್ದಾರೆ. ಇದರ ಜೊತೆಗೆ ಹೊಸ ಆಯ್ಕೆ ಪರೀಕ್ಷೆಗೆ ಒಂದು ಪ್ರಶ್ನೆಪತ್ರಿಕೆಯನ್ನೂ ತಯಾರಿಸಿ ಶನಿವಾರದೊಳಗೆ ಕೊಡಬೇಕು. ಇವತ್ತು ಗುರುವಾರ.

ನನ್ನ ಹೆಸರು ಗೀತಮ್ಮ. ಚಳ್ಳಕೆರೆಯ ಒಂದು ಸರ್ಕಾರಿ ಶಾಲೆಯ ಹೆಡ್‌ಮಿಸ್ಟ್ರೆಸ್. ಇದು ೨೦೦೮ನೇ ಇಸವಿ. ವಾರಪತ್ರಿಕೆಗಳಿಗೆ ಕಥೆ ಕಳಿಸುವ ಚಟವಿದೆ. ಅವು ಸಾಕಿದ ಬೆಕ್ಕಿನ ಹಾಗೆ ಮನೆಗೇ ವಾಪಸು ಬರುತ್ತವೆ. ಆದ್ದರಿಂದ ಓದುಗರೇ, ನೀವು ನನಗೆ ಹೊಸಬರು, ನಿಮ್ಮನ್ನು ಕಂಡರೆ ನನಗೆ ಸ್ವಲ್ಪ ಹೆದರಿಕೆ. (ಸ್ವಲ್ಪ ಅಂತ ಬರೆದದ್ದು ಸುಳ್ಳು. ಬಹಳ.)

ಆ ನಮೂನೆಯನ್ನು ಎಲ್ಲ ಶಾಲೆಗಳಿಗೂ ಕಳಿಸಿದ್ದಾರೆ, ನನಗೊಬ್ಬಳಿಗೇ ಅಲ್ಲ. ಆದರೂ ಲಕೋಟೆ ಒಡೆದವಳೇ ಕೋಣೆಯ ಬಾಗಿಲು ಹಾಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಜಾತಿ ನನ್ನದು.

೨.

ಶುರು, ಮೊದಲ ಸಲ: "ಮೊಳಕಾಲ್ಮೂರಿನ ರಣಬಿಸಿಲಿನಲ್ಲಿ ಇಬ್ಬರು ಅಕ್ಕತಂಗಿಯರು ಶಾಲೆಯ ಕಡೆಗೆ..." ಹೊಡೆದುಹಾಕಿದೆ. ನಮ್ಮ ಕಡೆಯ ಬಿಸಿಲನ್ನು ಕಥೆಗೆ ತಂದರೆ ಬೆವರು ಒರೆಸುವುದರಲ್ಲೇ ಎರಡು ಪುಟ ಮುಗಿಯುತ್ತದೆ.

ಶುರು, ಎರಡನೆಯ ಸಲ: "ಪ್ರತಿಭೆ ಎಂದರೇನು?" ಇದನ್ನೂ ಹೊಡೆದುಹಾಕಿದೆ. ಶಿಕ್ಷಕರ ದಿನಾಚರಣೆಯ ಭಾಷಣ, ಎರಡನೆಯ ವಾಕ್ಯಕ್ಕೆ ಮೈಕು ಕೆಡುತ್ತದೆ.

ಶುರು, ಮೂರನೆಯ ಸಲ: "ಟಕ್."

ಇದು ಇರಲಿ. ಟಕ್ ಎನ್ನುವುದು ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟಾಗ ಆಗುವ ಸದ್ದು. ಮೊಳಕಾಲ್ಮೂರಿನ ಕೆಲವು ರೇಷ್ಮೆ ಸೀರೆಗಳಲ್ಲಿ ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ಅಂಥದ್ದನ್ನು ನೇಯಲು ಒಬ್ಬರ ಕೈ ಸಾಲದು. ಒಬ್ಬರು ಒಡಲಿನ ಲಾಳಿ ಎಸೆಯುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅಂಚಿನ ಲಾಳಿ ಎಸೆಯುತ್ತಾರೆ. ನೇಕಾರ ಸೂರಪ್ಪನ ಮನೆಯ ಮಗ್ಗದಲ್ಲಿ ಶಾಲೆಗೆ ಮುಂಚೆ ಒಂದು ತಾಸು, ಶಾಲೆ ಬಿಟ್ಟ ಮೇಲೆ ಎರಡು ತಾಸು ಹೀಗೆ ಕೂರುತ್ತಿದ್ದವರು ಅವನ ಹೆಣ್ಣುಮಕ್ಕಳು: ಹನ್ನೆರಡು ವರ್ಷದ ಚೌಡೇಶ್ವರಿ, ಹನ್ನೊಂದರ ರಾಮಲಕ್ಷ್ಮಿ. ತನ್ನ ಕೆಲಸ ಮುಗಿದು ತಂಗಿಯ ಸರದಿ ಬಂದಾಗ ಚೌಡೇಶ್ವರಿ ಬಾಯಲ್ಲಿ ಹೇಳುತ್ತಿರಲಿಲ್ಲ. ಟಕ್ ಅನ್ನುತ್ತಿದ್ದಳು. ರಾಮಲಕ್ಷ್ಮಿಯ ಲಾಳಿ ಓಡುತ್ತಿತ್ತು.

ಇಬ್ಬರನ್ನೂ ಒಟ್ಟಿಗೇ ಶಾಲೆಗೆ ಸೇರಿಸಿದ್ದರಿಂದ ಒಂದೇ ತರಗತಿ. ೧೯೯೯ರ ಜೂನ್‌ನಲ್ಲಿ ಇಬ್ಬರೂ ಆರನೆಯ ತರಗತಿ. ನಾನು ಅವರ ಟೀಚರು, ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಹೋಗಿ ಬರುತ್ತಿದ್ದೆ.

೩.

ಆ ವರ್ಷ ನಮ್ಮ ಶಾಲೆಗೆ "ಚುರುಕು ತರಗತಿ" ಬರುವುದೆಂದಾಯಿತು. ತಾಲ್ಲೂಕಿನ ಮೂವತ್ತು ಜಾಣ ಮಕ್ಕಳಿಗೆ ಬೇರೆ ಕೋಣೆ, ಫ್ಯಾನು, ಹೊಸ ಬೆಂಚು, ಹೆಚ್ಚಿನ ಗಣಿತ, ದಿನಾ ಇಂಗ್ಲಿಷು. ಕಲಿಸುವವಳು ನಾನು. ಹೆಮ್ಮೆಯಿಂದ ಹೊಸ ವ್ಯಾನಿಟಿ ಬ್ಯಾಗು ಕೊಂಡಿದ್ದೆ. ಆ ಕೋಣೆಗೆ ಬೋರ್ಡು ಬರೆಸಿದ ದಿನವೇ, ಉಳಿದವರು ಕೂರುವ ಪಕ್ಕದ ಕೋಣೆಗೂ ಬೋರ್ಡಿಲ್ಲದೆ ಒಂದು ಹೆಸರು ಬಂತು. ಆ ಹೆಸರನ್ನು ನಾವು ಇಡಲಿಲ್ಲ, ಮಕ್ಕಳೇ ಇಟ್ಟುಕೊಂಡರು.

ಆಯ್ಕೆಗೆ ಒಂದು ಪರೀಕ್ಷೆ. ಇಪ್ಪತ್ತು ಪ್ರಶ್ನೆ. ಒಂದರಿಂದ ಹತ್ತು ಲೆಕ್ಕ ಮತ್ತು ಆಕೃತಿಗಳು. ಹನ್ನೊಂದರಿಂದ ಇಪ್ಪತ್ತು ಕನ್ನಡದ ಒಂದು ಗದ್ಯಭಾಗ ಓದಿ ಉತ್ತರಿಸುವುದು. ಬೆಂಚು ಸಾಲದೆ ಇಬ್ಬಿಬ್ಬರನ್ನು ಕೂರಿಸಿದೆವು. ಹೆಡ್‌ಮಾಸ್ಟರು ಚಿಕ್ಕಬಸಪ್ಪನವರು ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದರು: "ನೋಡ್ರಿ ಗೀತಮ್ಮೋರೆ, ಒಂದ್ ಕಾಪಿ ಕೇಸು ಆದ್ರೂ ಈ ಕ್ಲಾಸು ನಮ್ ಕೈ ತಪ್ತೈತೆ. ಕಣ್ಣಾಗೆ ಎಣ್ಣೆ ಬಿಟ್ಕಂಡು ನೋಡ್ರಿ."

ನೋಡಿದೆ. ಅದೇ ಬಂದ ಕಷ್ಟ.

ಮೂರನೆಯ ಬೆಂಚಿನಲ್ಲಿ ಅಕ್ಕತಂಗಿಯರು ಒಂದೇ ಉತ್ತರಪತ್ರಿಕೆಯನ್ನು ನಡುವೆ ಇಟ್ಟುಕೊಂಡಿದ್ದರು. ಚೌಡೇಶ್ವರಿ ಒಂದು ಲೆಕ್ಕ ಮಾಡುತ್ತಿದ್ದಳು. ಟಕ್. ಕಾಗದ ಬಲಕ್ಕೆ ಜರುಗುತ್ತಿತ್ತು. ರಾಮಲಕ್ಷ್ಮಿ ಗದ್ಯಭಾಗದ ಒಂದು ಉತ್ತರ ಬರೆಯುತ್ತಿದ್ದಳು. ಕಾಗದ ಎಡಕ್ಕೆ. ಕಾಪಿ ಹೊಡೆಯುವ ಮಕ್ಕಳು ಟೀಚರನ್ನು ಕದ್ದು ನೋಡುತ್ತಾರೆ. ಇವರು ನನ್ನ ಕಡೆ ತಿರುಗಲೂ ಇಲ್ಲ. ಒಂದು ಕಾಗದ ತುಂಬಿದ ಮೇಲೆ ಎರಡನೆಯದನ್ನು ಎಳೆದುಕೊಂಡರು, ಮೂರು ಉತ್ತರ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ತುಂಬಿದ್ದರ ಮೇಲೆ ಚೌಡೇಶ್ವರಿಯ ಹೆಸರಿತ್ತು. ಅದು ಯಾಕೆಂದರೆ ಮಗ್ಗದಲ್ಲಿ ಒಡಲು ನೇಯುವ ದೊಡ್ಡ ಜಾಗ ಅವಳದ್ದು.

"ಇಬ್ರೂ ಯಾಕೆ ಒಂದರಲ್ಲೇ ಬರೆದ್ರಿ?" ಎಂದು ಮೆಲ್ಲಗೆ ಕೇಳಿದೆ.

ರಾಮಲಕ್ಷ್ಮಿ ನನಗೇ ಪಾಠ ಹೇಳುವವಳ ಹಾಗೆ ಹೇಳಿದಳು: "ಮಗ್ಗದಿಂದ ಒಂದು ಸೀರೆ ಇಳೀದೆ ಇನ್ನೊಂದು ಏರ್ಸಲ್ಲ, ಮಿಸ್."

ನನಗೆ ನಗು ಬಂತು. ನಕ್ಕು, ಎರಡೂ ಕಾಗದವನ್ನು ಕಟ್ಟಿಗೆ ಸೇರಿಸಿ, ದಾರ ಬಿಗಿದು ಚಿಕ್ಕಬಸಪ್ಪನವರ ಕೈಗೆ ಕೊಟ್ಟೆ. ಚೌಡೇಶ್ವರಿಗೆ ನೂರಕ್ಕೆ ನೂರು. ರಾಮಲಕ್ಷ್ಮಿಗೆ ಹದಿನೈದು.

೪.

(ಇಲ್ಲಿ ನನ್ನ ತಪ್ಪೇನೂ ಇರಲಿಲ್ಲ ಎಂಬುದಕ್ಕೆ ಒಂದೂವರೆ ಪುಟದ ವಿವರಣೆ ಇತ್ತು. ನನ್ನ ಬರವಣಿಗೆಯಲ್ಲೇ ಅತ್ಯಂತ ಒಳ್ಳೆಯ ಭಾಗ ಅದು. ಅದಕ್ಕೇ ಅನುಮಾನ ಬಂದು ಕಿತ್ತುಹಾಕಿದೆ.)

೫.

ಓದುಗರೇ, ಚುರುಕು ತರಗತಿ ಕೆಟ್ಟದ್ದೆಂದು ಹೇಳಿ ಕೈತೊಳೆದುಕೊಂಡರೆ ನನ್ನ ಕೆಲಸ ಹಗುರವಾಗುತ್ತಿತ್ತು. ಆದರೆ ಪ್ರದೀಪ್ ಅಡ್ಡ ಬರುತ್ತಾನೆ. ಕೊಂಡ್ಲಹಳ್ಳಿಯ ಹುಡುಗ. ಹಿಂದಿನ ಶಾಲೆಯಲ್ಲಿ ಪ್ರಶ್ನೆ ಕೇಳಿ ಕೇಳಿ ಏಟು ತಿಂದು ಮೂಕನ ಹಾಗಿದ್ದವನು ನಮ್ಮಲ್ಲಿಗೆ ಬಂದ ಎರಡೇ ವಾರಕ್ಕೆ ಬೋರ್ಡಿನ ಮುಂದೆ ನಿಂತು ನನ್ನ ಲೆಕ್ಕದ ತಪ್ಪು ಹಿಡಿದ. ಎಲ್ಲರೂ ಚಪ್ಪಾಳೆ ಹೊಡೆದರು, ಅವನು ಅತ್ತ. ಆ ಕೋಣೆ ಇಲ್ಲದಿದ್ದರೆ ಅವನು ಏನಾಗುತ್ತಿದ್ದ? ನನಗೆ ಗೊತ್ತಿಲ್ಲ. ನಮೂನೆಯಲ್ಲಿ "ಹೌದು" ಉಳಿಸಿದರೆ ಅವನಿಗಾಗಿ ಉಳಿಸಬೇಕು.

ಅದೇ ಕೋಣೆಯಲ್ಲಿ ಚೌಡೇಶ್ವರಿ ಎರಡನೆಯ ಸಾಲಿನ ಬೆಂಚಿನ ಎಡತುದಿಯಲ್ಲಿ ಕೂರುತ್ತಿದ್ದಳು. ಬಲಗಡೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೀ ಅಂಕಿ ಇದ್ದರೆ ನಾನು ಸೀಮೆಸುಣ್ಣ ಕೆಳಗಿಡುವುದರೊಳಗೆ ಅವಳ ಉತ್ತರ ಸಿದ್ಧ. ಅದೇ ಲೆಕ್ಕವನ್ನು ನಾಲ್ಕು ವಾಕ್ಯದಲ್ಲಿ ಬರೆದರೆ ಅವಳ ಕೈ ನಿಲ್ಲುತ್ತಿತ್ತು. ಮನೆಯಲ್ಲಿ ತೆಲುಗು, ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದುತ್ತಿದ್ದಳು. ಆಗ ಅವಳಿಗೇ ತಿಳಿಯದಂತೆ ಬಾಯಿಂದ ಬರುತ್ತಿತ್ತು: ಟಕ್. ಬಲಗಡೆಯ ಖಾಲಿ ಜಾಗವನ್ನು ನೋಡಿ ಕಾಯುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಆ ಸದ್ದು ಕೇಳಿ ಯಾರಾದರೂ "ಇದೇನು?" ಎಂದು ಕೇಳಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ ಎಂಬ ಭಯ ನನಗೆ ಮೊದಲ ದಿನದಿಂದಲೇ ಇತ್ತು.

ಮೂರು ತಿಂಗಳು ಹೇಗೋ ನಡೆಯಿತು. ಊಟದ ಬಿಡುವಿನಲ್ಲಿ ಅವಳು ಪಕ್ಕದ ಕೋಣೆಯ ಕಿಟಕಿಗೆ ಹೋಗುತ್ತಿದ್ದಳು. ಒಳಗಿನಿಂದ ರಾಮಲಕ್ಷ್ಮಿ ಪಾಠ ಓದಿ ಹೇಳುತ್ತಿದ್ದಳು, ಹೊರಗಿನಿಂದ ಇವಳು ತಂಗಿಯ ಲೆಕ್ಕ ತಿದ್ದುತ್ತಿದ್ದಳು. ನಮ್ಮ ತಾಲ್ಲೂಕಿನ ಅತ್ಯುತ್ತಮ ತರಗತಿ ಆ ಕಿಟಕಿಯಲ್ಲಿ ನಡೆಯುತ್ತಿತ್ತು, ಅದಕ್ಕೆ ಫ್ಯಾನಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ರಾಮಲಕ್ಷ್ಮಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು.

೬.

ಮನೆಗೆ ಹೋದೆ. ಸೂರಪ್ಪ ಕಾಲಿಳಿಸಿ ಕೂರುವ ಮಗ್ಗದ ಗುಂಡಿಯಿಂದ ಮೇಲೆದ್ದು ಬಂದು ಕೈಮುಗಿದ. ಪಕ್ಕದಲ್ಲಿ ಕೂತಿದ್ದ ರಾಮಲಕ್ಷ್ಮಿಯ ಕೈಯಲ್ಲಿ ಲಾಳಿ ಇತ್ತು.

"ಬರ್ರಿ ಮೇಡಂ, ಕುಂತ್ಕಳ್ರಿ. ಕಾಫಿ ತಗಳ್ರಿ." ಅವನ ಮುಖ ಅರಳಿತ್ತು. "ನಿಮ್ಮಿಂದ ನಂಗೊಂದು ದೊಡ್ಡ ಉಪಕಾರ ಆತು. ಇಬ್ರನ್ನೂ ಓದ್ಸಾಕೆ ಆಗಲ್ಲ, ಮಗ್ಗಕ್ಕೆ ಒಬ್ರಾದ್ರೂ ಬೇಕು. ಯಾರನ್ನ ಬಿಡಿಸ್ಲಿ, ಯಾರನ್ನ ಕಳಿಸ್ಲಿ ಅಂತ ಎರಡು ವರ್ಷದಿಂದ ಒದ್ದಾಡ್ತಿದ್ದೆ. ಎರಡು ಕಣ್ಣಾಗೆ ಯಾವ ಕಣ್ಣು ಅಂತ ಹೇಳ್ಲಿ? ನೀವೇ ಪರೀಕ್ಷೆ ಮಾಡಿ ಆರಿಸಿ ಕೊಟ್ರಿ. ದೊಡ್ಡಾಕೆ ಓದೋಳು, ಚಿಕ್ಕಾಕೆ ನೇಯೋಳು. ಪುಣ್ಯ ಬರ್ಲಿ ನಿಮ್ಗೆ."

"ಹಾಗಲ್ಲ ಸೂರಪ್ಪ, ರಾಮಲಕ್ಷ್ಮಿನೂ ಓದ್ಲಿ. ಅವಳೂ ಜಾಣೆ."

ಅವನು ಗೊಂದಲದಿಂದ ನನ್ನನ್ನು ನೋಡಿದ. "ಮೂರೇ ಉತ್ತರ ಬರ್ದಿದ್ಲು ಅಂದ್ರಲ್ಲ ಹೆಡ್‌ಮಾಸ್ಟ್ರು? ಪೇಪರು ಸುಳ್ಳು ಹೇಳ್ತೈತಾ ಮೇಡಂ?"

ಹೇಳುತ್ತದೆ ಸೂರಪ್ಪ, ಅದನ್ನು ಕಣ್ಣಾರೆ ಕಂಡವಳು ನಾನು. ಇಷ್ಟು ಹೇಳಿದ್ದರೆ ಆ ಹುಡುಗಿ ಗುಂಡಿಯಿಂದ ಮೇಲೆ ಬರುತ್ತಿದ್ದಳು. ಪರೀಕ್ಷೆ ರದ್ದಾಗುತ್ತದೆ, ಚೌಡೇಶ್ವರಿ ಹೊರಗೆ ಬರುತ್ತಾಳೆ, ಪ್ರದೀಪ್ ಹಳೆಯ ಶಾಲೆಗೆ ಹೋಗುತ್ತಾನೆ ಎಂದೆಲ್ಲ ಯೋಚಿಸಿದೆ ಎಂದು ಬರೆಯಬಹುದು. ನಿಜವಾಗಿ ಯೋಚಿಸಿದ್ದು ನನ್ನ ನೌಕರಿಯನ್ನು. ಕಾಫಿ ಕುಡಿದೆ. ಚೆನ್ನಾಗಿತ್ತು.

ಹೊರಡುವಾಗ ರಾಮಲಕ್ಷ್ಮಿ ತಲೆ ಎತ್ತಿ ಕೇಳಿದಳು: "ಮಿಸ್, ಪಾಠ ಎಲ್ಲಿಗ್ ಬಂತು?"

"ಆರನೇದು," ಎಂದೆ.

"ನಂದು ನಾಲ್ಕಕ್ಕೆ ನಿಂತೈತೆ," ಎಂದಳು. ಅಪ್ಪ ಮತ್ತೆ ಗುಂಡಿಗೆ ಇಳಿದ.

೭.

ಡಿಸೆಂಬರ್‌ನಲ್ಲಿ ಜಿಲ್ಲೆಯಿಂದ ತಪಾಸಣೆ ಬರುವುದೆಂದು ಪತ್ರ ಬಂತು. ಆಯ್ಕೆ ಸರಿಯಾಗಿದೆಯೇ ಎಂದು ನೋಡಲು ಅದೇ ಮಾದರಿಯ ಮರುಪರೀಕ್ಷೆ, ಬೆಂಚಿಗೆ ಒಬ್ಬೊಬ್ಬರು. ಐವತ್ತಕ್ಕಿಂತ ಕಡಿಮೆ ಬಂದವರು ಹೊರಗೆ. ನಾನು ಹದಿನೈದು ದಿನ ಸರಿಯಾಗಿ ಉಣ್ಣಲಿಲ್ಲ. ಬಸ್ಸಿನಲ್ಲಿ ಯಾರಾದರೂ "ಏನ್ ಟೀಚರೇ" ಎಂದರೂ ಬೆಚ್ಚುತ್ತಿದ್ದೆ.

ಮರುಪರೀಕ್ಷೆಯ ದಿನ ಬೆಳಿಗ್ಗೆ ಚೌಡೇಶ್ವರಿ ಶಾಲೆಯ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡಳು. ನನ್ನ ಸೆರಗಿನಿಂದ ಅವಳ ಬಾಯಿ ಒರೆಸಿದೆ.

"ಒಬ್ಳೇ ಕೂರ್ಬೇಕಾ ಮಿಸ್?"

"ಹೂಂ. ಹೆದರ್ಬೇಡ. ಬಂದಷ್ಟು ಬರಿ."

"ಬರೀದೆ ಬಿಟ್ಟಿದ್ದು ಯಾಕೆ ಅಂತ ಕೇಳ್ತಾರಾ?"

"ಕೇಳಲ್ಲ," ಎಂದೆ, ಧೈರ್ಯ ಹೇಳಲು. ಅವಳ ಮುಖ ಇನ್ನೂ ಬಾಡಿತು. ಯಾಕೆಂದು ನಾನು ಆಗ ಯೋಚಿಸಲಿಲ್ಲ. (ನೀವು ಈ ಸಾಲನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.)

ಪರೀಕ್ಷೆಯ ಕೋಣೆ ನಿಶ್ಶಬ್ದವಾಗಿತ್ತು. ಅಧಿಕಾರಿ ಕಿಟಕಿಯ ಬಳಿ ಕೂತಿದ್ದರು. ಅರ್ಧ ಗಂಟೆಯಾದ ಮೇಲೆ ಕೇಳಿಸಿತು: ಟಕ್. ಅಧಿಕಾರಿ ತಲೆ ಎತ್ತಿದರು. ನಾನು ಖಾಲಿ ಬೋರ್ಡನ್ನೇ ಒರೆಸತೊಡಗಿದೆ. ಮತ್ತೆ ಟಕ್. ಆಮೇಲೆ ಇಲ್ಲ.

ಉತ್ತರಪತ್ರಿಕೆಗಳನ್ನು ತಿದ್ದಿ ಸೋಮವಾರ ಅಂಕಪಟ್ಟಿ ಕೊಡಿ ಎಂದು ಅಧಿಕಾರಿ ಕಟ್ಟನ್ನು ನನ್ನ ಕೈಗೇ ಕೊಟ್ಟು ಹೋದರು. ದೇವರು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

೮.

ಚಳ್ಳಕೆರೆಗೆ ವಾಪಸು ಬರುವ ಬಸ್ಸು, ಮಧ್ಯಾಹ್ನದ ಹೊತ್ತು. ಕಿಟಕಿ ಪಕ್ಕದ ಸೀಟು. ಚೌಡೇಶ್ವರಿಯ ಕಾಗದ ತೆಗೆದೆ. ಒಂದರಿಂದ ಹತ್ತು, ಎಲ್ಲ ಸರಿ. ಪುಟ ತಿರುಗಿಸಿದೆ. ಅಂಚಿನಲ್ಲಿ ಹನ್ನೊಂದು, ಹನ್ನೆರಡು, ಹದಿಮೂರು... ಇಪ್ಪತ್ತರವರೆಗೆ ಅಂಕಿಗಳನ್ನು ಸಾಲಾಗಿ ಬರೆದಿದ್ದಳು. ಪ್ರತಿಯೊಂದರ ಮುಂದೆ ಎರಡೆರಡು ಗೆರೆಯಷ್ಟು ಜಾಗ. ಒಂದಕ್ಷರವಿಲ್ಲ.

ನೂರಕ್ಕೆ ಐವತ್ತು. ಲೆಕ್ಕದ ಪ್ರಕಾರ ಅವಳು ಉಳಿಯುತ್ತಿದ್ದಳು. ಆದರೆ ಅರ್ಧ ಪತ್ರಿಕೆ ಪೂರ್ತಿ ಸರಿ, ಅರ್ಧ ಪೂರ್ತಿ ಖಾಲಿ, ಜೂನ್‌ನಲ್ಲಿ ನೂರು! ಯಾರಾದರೂ ಪ್ರಶ್ನೆ ಕೇಳದೆ ಬಿಡುತ್ತಾರೆಯೇ?

ನೀಲಿ ಬಾಲ್‌ಪೆನ್ನು ತೆಗೆದೆ. ಕೊಂಡ್ಲಹಳ್ಳಿ ದಾಟಿದ ಮೇಲೆ ರಸ್ತೆ ಹದಗೆಟ್ಟಿತ್ತು. ಬಸ್ಸು ಕುಲುಕುತ್ತಿದ್ದುದರಿಂದ ನನ್ನ ಅಕ್ಷರ ತಾನಾಗಿ ಮಕ್ಕಳ ಅಕ್ಷರವಾಯಿತು. ಹದಿನಾಲ್ಕನೆಯದನ್ನು ಬೇಕೆಂದೇ ತಪ್ಪು ಬರೆದೆ, ಪೂರ್ತಿ ಸರಿಯಿದ್ದರೆ ಅನುಮಾನ ಬರಬಹುದೆಂದು. ಆಮೇಲೆ ಕೆಂಪು ಪೆನ್ನು ತೆಗೆದು ನನ್ನ ಉತ್ತರಗಳಿಗೆ ನಾನೇ ರೈಟು ಹಾಕಿಕೊಂಡೆ. ತೊಂಬತ್ತೈದು.

(ಇಲ್ಲಿ ಕಥೆಗಾರ್ತಿ ಮೂರು ಬೇರೆ ಮುಕ್ತಾಯಗಳನ್ನು ಪ್ರಯತ್ನಿಸಿದ್ದಾಳೆ. ಅ: ಬಸ್ಸು ನಿಲ್ಲಿಸಿ ಇಳಿದು ಹಿಂದಕ್ಕೆ ಹೋಗಿ ಚಿಕ್ಕಬಸಪ್ಪನವರಿಗೆ ನಿಜ ಹೇಳುತ್ತಾಳೆ. ಓದಿದರೆ ನನಗೇ ನಂಬಿಕೆ ಬರಲಿಲ್ಲ, ಅಷ್ಟು ಧೈರ್ಯದ ಹೆಂಗಸನ್ನು ನಾನು ಕಂಡಿಲ್ಲ. ಆ: ಅಧಿಕಾರಿ ಅಕ್ಷರ ಗುರುತಿಸಿ ಅವಳನ್ನು ಅಮಾನತು ಮಾಡುತ್ತಾರೆ. ಇದು ನನಗೆ ಇಷ್ಟವಾಯಿತು, ಶಿಕ್ಷೆಯಾದವರು ನಿದ್ದೆ ಮಾಡಬಹುದು. ಇ: ಏನೂ ಆಗುವುದಿಲ್ಲ. ಆದದ್ದು ಇದೇ.)

೯.

ಕಥೆ ಇಲ್ಲಿಗೆ ಮುಗಿಯಿತೆಂದು ಒಂಬತ್ತು ವರ್ಷ ಅಂದುಕೊಂಡಿದ್ದೆ. ಒಂದು ಮಗುವನ್ನಾದರೂ ಉಳಿಸಿದೆ ಎಂದು ಮನಸ್ಸಿಗೆ ಹೇಳಿಕೊಂಡು ಅದನ್ನು ಮಲಗಿಸುತ್ತಿದ್ದೆ. ಕಳೆದ ವಾರ ನನ್ನ ಶಾಲೆಗೆ ಡಿ.ಎಡ್. ವಿದ್ಯಾರ್ಥಿಗಳು ಪಾಠ ಮಾಡುವ ಅಭ್ಯಾಸಕ್ಕೆ ಬಂದರು. ಅವರಲ್ಲಿ ಒಬ್ಬಳು ಚೌಡೇಶ್ವರಿ. ಎರಡು ಜಡೆಯ ಹುಡುಗಿ ಈಗ ಸೀರೆ ಉಟ್ಟಿದ್ದಳು.

ನನ್ನ ಮೇಜಿನ ಮೇಲಿದ್ದ ನಮೂನೆಯನ್ನು ಓದಿದಳು. ಈಗ ಬೆರಳಿಡದೆ ಓದುತ್ತಾಳೆ.

"ಹನ್ನೊಂದರಿಂದ ಇಪ್ಪತ್ತು ಬರ್ದಿದ್ದು ನೀವು, ಅಲ್ವಾ ಮಿಸ್?"

ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. "ನಿನಗೆ ಓದೋಕೆ ಆಗ್ಲಿಲ್ಲ ಅಂತ... ನಿನ್ನ ಉಳಿಸೋಣ ಅಂತ..."

"ಆಗ್ತಿತ್ತು ಮಿಸ್. ನಿಧಾನಕ್ಕೆ ನಾಲ್ಕೈದಾದ್ರೂ ಬರೀತಿದ್ದೆ. ಬೇಕು ಅಂತ್ಲೇ ಬಿಟ್ಟೆ."

"ಯಾಕೆ?"

"ಅದು ರಾಮಲಕ್ಷ್ಮಿ ಜಾಗ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಿಂದಿನ ದಿನ ಮಗ್ಗದ ಮೇಲೆ ಕೂತು ಇಬ್ರೂ ಮಾತಾಡ್ಕೊಂಡಿದ್ವಿ. ಅರ್ಧ ಖಾಲಿ ಬಿಟ್ರೆ, ಯಾಕೆ ಬಿಟ್ಟೆ ಅಂತ ಯಾರಾದ್ರೂ ಕೇಳ್ತಾರೆ. ಕೇಳಿದ್ರೆ, ಈ ಅರ್ಧ ಬರೆಯೋಳು ಮನೆಯಾಗೆ ಅವ್ಳೆ, ಕರ್ಕಂಡ್ ಬರ್ರಿ ಅಂತ ಹೇಳ್ಬೇಕು ಅಂತ. ನಾವಾಗೇ ಹೇಳಾಕೆ ಭಯ. ಕೇಳಿದ್ರೆ ಹೇಳ್ಬಹುದು ಅಂತ. ಸೋಮವಾರ ನೀವು ನನ್ ಹೆಸ್ರು ಕೂಗಿ ತೊಂಬತ್ತೈದು ಅಂದ್ರಿ."

"ಚೌಡೇಶ್ವರಿ..."

"ಆಕೆ ಆವತ್ತು ತಲೆ ಬಾಚ್ಕೊಂಡು, ಯೂನಿಫಾರಂ ಹಾಕ್ಕೊಂಡು ಮಗ್ಗದಾಗೆ ಕೂತಿದ್ಲು ಮಿಸ್. ಸಂಜೆ ತನ್ಕ."

ಹೊರಡುವ ಮುಂಚೆ ನಮೂನೆಯ ಮೇಲೆ ಬೆರಳಿಟ್ಟು ಕೇಳಿದಳು: "ಈ ಸಲ ಬೆಂಚಿಗೆ ಎಷ್ಟು ಜನರನ್ನ ಕೂರಿಸ್ತೀರಿ?"

೧೦.

ನಿನ್ನೆ ರಜೆ ಹಾಕಿ ಮೊಳಕಾಲ್ಮೂರಿಗೆ ಹೊರಟೆ. ರಾಮಲಕ್ಷ್ಮಿ ಈಗಲೂ ಅದೇ ಮಗ್ಗದಲ್ಲಿದ್ದಾಳಂತೆ, ದೊಡ್ಡ ಜಾಗದಲ್ಲಿ. ಅವಳ ಬಲಗಡೆ ಈಗ ಯಾರು ಕೂರುತ್ತಾರೋ ಚೌಡೇಶ್ವರಿ ಹೇಳಲಿಲ್ಲ, ನಾನು ಕೇಳಲಿಲ್ಲ. ಕೊಂಡ್ಲಹಳ್ಳಿಯ ಹತ್ತಿರ ಬಸ್ಸು ಕುಲುಕಿತು. ಅಲ್ಲೇ ಇಳಿದು ಎದುರಿನ ಬಸ್ಸು ಹತ್ತಿ ವಾಪಸು ಬಂದೆ. ಇಂಥವಳು ನಿಮಗೆ ಕಥೆ ಹೇಳುತ್ತಿದ್ದಾಳೆ.

ಮನೆಗೆ ಬಂದು, ಹೋಗಲಾಗದಿದ್ದರೇನು, ಬರೆಯಬಹುದಲ್ಲ ಎಂದು ಕೂತೆ. "ರಾಮಲಕ್ಷ್ಮಿ ಲಾಳಿಯನ್ನು ಕೆಳಗಿಟ್ಟಳು. ಅವಳ ಮನಸ್ಸಿನಲ್ಲಿ..." ಅಷ್ಟರಲ್ಲಿ ಅವಳೇ ಕಾಗದದಿಂದ ತಲೆ ಎತ್ತಿದಳು.

"ನನ್ ಕಡೆಯಿಂದ ನೀವು ಬರೀಬ್ಯಾಡ್ರಿ ಮಿಸ್. ಒಂದ್ಸಲ ಬರ್ದಿದ್ದು ಸಾಲ್ದಾ?"

"ನಿನ್ನ ದುಃಖ ಜನಕ್ಕೆ ಗೊತ್ತಾಗಲಿ ಅಂತ..."

"ನಂಗೆ ದುಃಖ ಐತೆ ಅಂತ ಯಾರು ಹೇಳಿದ್ರು ನಿಮ್ಗೆ? ಸಿಟ್ಟು ಐತೋ, ನಗು ಐತೋ? ಕೇಳಿದ್ರಾ?"

ಕೇಳಿಲ್ಲ. ಕೇಳಿದರೆ ಅವಳು ಏನು ಹೇಳುತ್ತಾಳೋ ಎಂಬ ಭಯಕ್ಕೆ ನಾನು ಈ ಕಥೆ ಬರೆಯುತ್ತಿರುವುದು. ಆ ಸಾಲನ್ನು ಹೊಡೆದುಹಾಕಿದೆ.

ನಮೂನೆ ಎದುರಿಗಿದೆ. "ಹೌದು" ಹೊಡೆದುಹಾಕಿದರೆ ಪ್ರದೀಪ್ ಅಳುತ್ತಾನೆ. "ಇಲ್ಲ" ಹೊಡೆದುಹಾಕಿದರೆ ಯೂನಿಫಾರಂ ಹಾಕಿಕೊಂಡ ಹುಡುಗಿಯೊಬ್ಬಳು ಸಂಜೆಯವರೆಗೆ ಕಾಯುತ್ತಾಳೆ. ಎರಡನ್ನೂ ಹಾಗೇ ಬಿಟ್ಟಿದ್ದೇನೆ. ನಾಳೆ ಮತ್ತೆ ಬಸ್ಸು ಹತ್ತುತ್ತೇನೋ, ಹತ್ತಿದರೆ ಎಲ್ಲಿ ಇಳಿಯುತ್ತೇನೋ ಗೊತ್ತಿಲ್ಲ. ನನ್ನ ಪಾಲಿನ ಹತ್ತು ಮುಗಿಯಿತು. ಮುಂದಿನದನ್ನು ಅಂಕಿ ಹಾಕಿ ಖಾಲಿ ಬಿಟ್ಟಿದ್ದೇನೆ. ಪೆನ್ನು ನಿಮ್ಮ ಕೈಯಲ್ಲೂ ಇರಬಹುದು, ನಿಮಗೂ ಕನಿಕರ ಬರಬಹುದು. ಓದುಗರೇ, ಕೈಮುಗಿಯುತ್ತೇನೆ, ತುಂಬಬೇಡಿ. ಯಾಕೆ ಖಾಲಿ ಎಂದು ಕೇಳಿ.

೧೧.

೧೨.

೧೩.

೧೪.

೧೫.

೧೬.

೧೭.

೧೮.

೧೯.

೨೦.